ಒಂದೆಲಗ: ಹೆಸರು ಕೇಳಿ ಅಲ್ಲ, ಗಿಡ ನೋಡಿ ತಿಳಿಯೋಣ



ವಾರ್ಷಿಕ ಪರೀಕ್ಷೆ ಹತ್ತಿರ ಬಂದಂತೆ ‘ಬ್ರಾಹ್ಮಿ’ ಎಂಬ ಹೆಸರು ನಮ್ಮ ಕಿವಿಗೆ ಹೆಚ್ಚು ಬೀಳತೊಡಗುತ್ತದೆ. ಬ್ರಾಹ್ಮಿ ಪುಡಿ, ಬ್ರಾಹ್ಮಿ ಮಾತ್ರೆ, ಬ್ರಾಹ್ಮಿ ಎಣ್ಣೆ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ‘ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ’ ಎಂದು ಹಿರಿಯರೂ ಹೇಳುತ್ತಾರೆ, ಜಾಹೀರಾತೂ ಹೇಳುತ್ತದೆ. ಆದರೆ ಆ ಡಬ್ಬಿಯೊಳಗಿರುವುದು ಯಾವ ಗಿಡ ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ. ಜೀವಶಾಸ್ತ್ರ ಓದುವ ನಾವಾದರೂ ಈ ಪ್ರಶ್ನೆಯನ್ನು ಬಿಡಬಾರದು. ಈ ಪಾಠದಲ್ಲಿ ಒಂದೆಲಗ ಎಂಬ ಸಣ್ಣ ಗಿಡದ ಪರಿಚಯ ಮಾಡಿಕೊಳ್ಳೋಣ. ನೆರಳು ಮತ್ತು ತೇವ ಇರುವ ಕಡೆ ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ ಇದು. ಒಣಭೂಮಿಯಾದ ನಮ್ಮ ಮುದಗಲ್ಲಿನಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಇದನ್ನು ಸರಿಯಾಗಿ ಗುರುತಿಸಲು ಕಲಿಯುವ ಅಗತ್ಯ ನಮಗೆ ಇನ್ನೂ ಹೆಚ್ಚು.

ಒಂದು ಹೆಸರು, ಎರಡು ಗಿಡ

ಒಂದೆಲಗಕ್ಕೆ ಊರಿಗೊಂದು ಹೆಸರು. ಕರಾವಳಿಯ ತುಳುವರು ತಿಮರೆ ಎನ್ನುತ್ತಾರೆ. ನಮ್ಮ ನೆರೆಯ ತೆಲುಗರು ಸರಸ್ವತಿ ಆಕು ಎನ್ನುತ್ತಾರೆ. ತಮಿಳಿನಲ್ಲಿ ವಲ್ಲಾರೈ, ಶ್ರೀಲಂಕಾದಲ್ಲಿ ಗೊಟುಕೊಲ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಮಂಡೂಕ ಎಂದರೆ ಕಪ್ಪೆ, ಪರ್ಣ ಎಂದರೆ ಎಲೆ. ಕಪ್ಪೆ ಇರುವಂಥ ತೇವದ ಜಾಗದಲ್ಲೇ ಈ ಎಲೆಯೂ ಇರುತ್ತದೆ. ಕನ್ನಡದ ಹೆಸರಂತೂ ನೇರ: ಒಂದು ತೊಟ್ಟಿಗೆ ಒಂದೇ ದುಂಡನೆಯ ಎಲೆ.

ಇಷ್ಟು ಹೆಸರುಗಳಿದ್ದರೆ ತೊಂದರೆ ಇಲ್ಲ. ತೊಂದರೆ ಇರುವುದು ‘ಬ್ರಾಹ್ಮಿ’ ಎಂಬ ಹೆಸರಿನಲ್ಲಿ. ಕರ್ನಾಟಕದ ಅನೇಕ ಕಡೆ ಒಂದೆಲಗವನ್ನೇ ಬ್ರಾಹ್ಮಿ ಎಂದು ಕರೆಯುತ್ತಾರೆ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಬೇರೆಯೇ ಗಿಡ; ಅದನ್ನು ನಾವು ನೀರುಬ್ರಾಹ್ಮಿ ಎನ್ನುತ್ತೇವೆ. ಭಾರತದ ಆಯುರ್ವೇದ ಔಷಧಕೋಶದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ, ಮಂಡೂಕಪರ್ಣಿ ಎಂದರೆ ಒಂದೆಲಗ ಎಂದು ಎರಡನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಆದರೂ ಅಂಗಡಿಯಲ್ಲಿ ‘ಬ್ರಾಹ್ಮಿ’ ಎಂದೋ ‘ಬ್ರಹ್ಮಿ ಬೂಟಿ’ ಎಂದೋ ಕೇಳಿದರೆ ಯಾವುದು ಕೈಗೆ ಬರುತ್ತದೆ ಎಂದು ಹೇಳಲಾಗದು. ಎರಡರ ಕುಟುಂಬ ಬೇರೆ, ಒಳಗಿನ ರಾಸಾಯನಿಕಗಳೂ ಬೇರೆ. ಒಂದೆಲಗದಲ್ಲಿ ಏಷಿಯಾಟಿಕೋಸೈಡ್, ಮೆಡೆಕ್ಯಾಸೋಸೈಡ್ ಮುಂತಾದವುಗಳಿವೆ; ನೀರುಬ್ರಾಹ್ಮಿಯಲ್ಲಿ ಬಾಕೋಸೈಡ್‌ಗಳಿವೆ. ಒಂದರ ಮೇಲೆ ನಡೆದ ಸಂಶೋಧನೆಯ ಫಲಿತಾಂಶವನ್ನು ಇನ್ನೊಂದರ ಡಬ್ಬಿಯ ಮೇಲೆ ಬರೆದರೆ ಅದು ಸರಿಯಾಗುವುದಿಲ್ಲ.

ಮಸ್ಕಿ ಶಾಸನದಿಂದ ಒಂದು ಹೋಲಿಕೆ

ಹೆಸರಿನ ಗೊಂದಲ ಹೇಗೆ ಬಗೆಹರಿಯುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಮಸ್ಕಿಯಲ್ಲೇ ಒಳ್ಳೆಯ ಉದಾಹರಣೆ ಇದೆ. ಭಾರತದ ನಾನಾ ಕಡೆ ಸಿಕ್ಕ ಬಂಡೆಗಲ್ಲು ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು. ಅದು ಯಾವ ಅರಸ? ಸಿಂಹಳದ ಗ್ರಂಥಗಳ ಆಧಾರದಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಹೇಳಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಶಾಸನವನ್ನು ಪತ್ತೆ ಮಾಡಿದರು. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದೂ ಅಶೋಕ ಎಂಬ ಹೆಸರೂ ಒಟ್ಟಿಗೇ ಇದ್ದವು. ಅಲ್ಲಿಂದ ಮುಂದೆ ಸಂಶಯಕ್ಕೆ ಜಾಗ ಉಳಿಯಲಿಲ್ಲ.

ಸಸ್ಯಗಳ ವಿಷಯದಲ್ಲಿ ಈ ಕೆಲಸವನ್ನು ವೈಜ್ಞಾನಿಕ ಹೆಸರು ಮಾಡುತ್ತದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದರು. ಮಲಬಾರಿನ ವೈದ್ಯ ಇಟ್ಟಿ ಅಚ್ಯುದನ್ ಮುಂತಾದವರ ತಿಳಿವಳಿಕೆ ಅದಕ್ಕೆ ಆಧಾರ. ಅದರ ಚಿತ್ರಗಳಲ್ಲಿ ಗಿಡಗಳ ಹೆಸರುಗಳನ್ನು ಲ್ಯಾಟಿನ್, ಮಲಯಾಳಂ, ಅರಬಿ ಮತ್ತು ನಾಗರಿ ಲಿಪಿಗಳಲ್ಲಿ ಕೊಟ್ಟಿದ್ದಾರೆ. ಒಂದೆಲಗವೂ ಅದರಲ್ಲಿ ‘ಕೊಡಗನ್’ ಎಂಬ ಹೆಸರಿನಲ್ಲಿದೆ. ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಹೈಡ್ರೋಕೋಟೈಲ್ ಏಷಿಯಾಟಿಕಾ ಎಂದು ಹೆಸರಿಟ್ಟರು. ಜರ್ಮನಿಯ ಸಸ್ಯವಿಜ್ಞಾನಿ ಅರ್ಬನ್ 1879ರಲ್ಲಿ ಅದನ್ನು ಬೇರೆ ಕುಲಕ್ಕೆ ಸೇರಿಸಿದರು. ಈಗಿನ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ನೀರುಬ್ರಾಹ್ಮಿಯ ಹೆಸರು ಬಾಕೋಪಾ ಮೊನ್ನಿಯೇರಿ. ಡಬ್ಬಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಇವೆರಡರಲ್ಲಿ ಯಾವ ಹೆಸರಿದೆ ಎಂದು ಓದಿ ನೋಡಿ. ಯಾವ ಹೆಸರೂ ಇಲ್ಲದಿದ್ದರೆ ಅದನ್ನು ಕೊಳ್ಳದಿರುವುದೇ ಮೇಲು.

ಗಿಡವನ್ನು ನೋಡುವ ಕ್ರಮ

ಒಂದೆಲಗ ಏಪಿಯೇಸೀ ಕುಟುಂಬಕ್ಕೆ ಸೇರಿದ್ದು. ಕೊತ್ತಂಬರಿ, ಜೀರಿಗೆ, ಅಜವಾನ, ಸಬ್ಬಸಗಿ, ಗಜ್ಜರಿ ಎಲ್ಲವೂ ಇದೇ ಕುಟುಂಬದವು. ಗುರುತಿಸುವಾಗ ಐದು ಭಾಗಗಳನ್ನು ಕ್ರಮವಾಗಿ ನೋಡಬೇಕು.

ಕಾಂಡ: ತೆಳ್ಳನೆಯ ಕಾಂಡ ನೆಲದ ಮೇಲೆ ಹರಿದು ಹೋಗುತ್ತದೆ. ಕಾಂಡದ ಮಾರ್ಪಾಡುಗಳಲ್ಲಿ ಒಂದಾದ ರನ್ನರ್‌ಗೆ ಇದು ಒಳ್ಳೆಯ ಉದಾಹರಣೆ. ಇದು ಬೇರಲ್ಲ, ಕಾಂಡವೇ. ಗಿಣ್ಣು ಮತ್ತು ಎರಡು ಗಿಣ್ಣುಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುವುದೇ ಅದಕ್ಕೆ ಸಾಕ್ಷಿ.

ಗಿಣ್ಣು: ಪ್ರತಿ ಗಿಣ್ಣಿನಿಂದ ಕೆಳಗೆ ಬೇರಿನ ಗುಚ್ಛ, ಮೇಲೆ ಎಲೆಗಳ ಗುಂಪು ಹೊರಡುತ್ತದೆ. ನಡುವಿನ ತುಂಡು ಕತ್ತರಿಸಿದರೂ ಬೇರು ಬಿಟ್ಟ ಗಿಣ್ಣು ಸ್ವತಂತ್ರ ಗಿಡವಾಗಿ ಬದುಕುತ್ತದೆ. ಇದೇ ಕಾಯಜ ಸಂತಾನೋತ್ಪತ್ತಿ. ಹೀಗೆ ಹುಟ್ಟಿದ ಗಿಡಗಳೆಲ್ಲ ತಾಯಿಗಿಡದ ತದ್ರೂಪುಗಳು.

ಎಲೆ: ಉದ್ದನೆಯ ತೊಟ್ಟು, ಮೂತ್ರಪಿಂಡದ ಆಕಾರದ ಅಥವಾ ದುಂಡನೆಯ ಅಲಗು. ಅಗಲ ಸಾಮಾನ್ಯವಾಗಿ 2ರಿಂದ 5 ಸೆಂ.ಮೀ. ಅಂಚಿನಲ್ಲಿ ಮೊಂಡು ಹಲ್ಲುಗಳು. ತೊಟ್ಟು ಸೇರುವಲ್ಲಿ ಎಲೆ ಒಳಕ್ಕೆ ಸೀಳಿದಂತೆ ಇರುತ್ತದೆ. ಆ ಒಂದೇ ಬಿಂದುವಿನಿಂದ ನಾಳಗಳು ಅಂಗೈಯ ಬೆರಳುಗಳಂತೆ ಹರಡುತ್ತವೆ.

ಹೂ: ಬಹಳ ಚಿಕ್ಕದು, ನಸುಗೆಂಪು ಅಥವಾ ಬಿಳಿ. ಎಲೆಗಳ ಕೆಳಗೆ ನೆಲದ ಹತ್ತಿರ ಸಾಮಾನ್ಯವಾಗಿ 3–4 ಹೂಗಳ ಸಣ್ಣ ಗೊಂಚಲು ಇರುತ್ತದೆ. ಎಲೆ ಸರಿಸಿ ನೋಡದಿದ್ದರೆ ಕಾಣುವುದೇ ಇಲ್ಲ. ಕೊತ್ತಂಬರಿ ಹೂಗೊಂಚಲಿನ ಪುಟ್ಟ ರೂಪ ಎಂದುಕೊಳ್ಳಿ.

ಕಾಯಿ: ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆ, ಮೈಮೇಲೆ ಬಲೆಯಂಥ ಗೆರೆಗಳು. ಹಣ್ಣಾದಾಗ ಕೊತ್ತಂಬರಿ ಬೀಜದಂತೆ ಎರಡು ಹೋಳಾಗುತ್ತದೆ.

ಮೋಸ ಮಾಡುವ ಹೋಲಿಕೆಗಳು

ನೀರುಬ್ರಾಹ್ಮಿಯನ್ನು ಒಂದೆಲಗದಿಂದ ಬೇರ್ಪಡಿಸುವುದು ಕಷ್ಟವಲ್ಲ. ಅದರ ಎಲೆಗಳು ಚಿಕ್ಕವು, ದಪ್ಪ, ತೊಟ್ಟಿಲ್ಲದವು. ಗಿಣ್ಣಿನ ಎರಡೂ ಬದಿಗೆ ಎದುರುಬದುರಾಗಿ ಇರುತ್ತವೆ. ಹೂ ಎಲೆಯ ಕಂಕುಳಲ್ಲಿ ಒಂಟಿಯಾಗಿ, ಬಿಳಿ ಅಥವಾ ತಿಳಿ ನೇರಳೆ ಬಣ್ಣದಲ್ಲಿ ಅರಳುತ್ತದೆ. ಕೆಸರಿನಲ್ಲೂ ಕಾಲುವೆಯ ಅಂಚಿನಲ್ಲೂ ಬಿಸಿಲಿದ್ದರೂ ಅದು ಬೆಳೆಯಬಲ್ಲದು.

ನಮ್ಮ ಭಾಗದಲ್ಲಿ ಹೆಚ್ಚು ಎಚ್ಚರ ಬೇಕಾದುದು ಇಲಿಕಿವಿ ಗಿಡದ ಬಗ್ಗೆ. ಎರೆಭೂಮಿಯಲ್ಲಿ, ಕೆರೆಯಂಗಳದಲ್ಲಿ ಅದು ನೆಲಕ್ಕೆ ಹಬ್ಬುತ್ತದೆ. ಅದೂ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಎಲೆಯೂ ಮೂತ್ರಪಿಂಡದ ಆಕಾರದ್ದೇ. ಹೀಗಾಗಿ ಎಲೆಯ ಆಕಾರ ಒಂದನ್ನೇ ನೋಡಿದವರು ಮೋಸಹೋಗುತ್ತಾರೆ. ಆದರೆ ಅದರ ಹೂ ಹಳದಿ, ಗಂಟೆಯ ಆಕಾರದ್ದು. ಅದು ಗೆಣಸಿನ ಕುಟುಂಬದ ಗಿಡ. ನರ್ಸರಿಗಳಲ್ಲಿ ಸಿಗುವ ಇನ್ನೊಂದು ಗಿಡ ಹೈಡ್ರೋಕೋಟೈಲ್. ಅದರ ಕೆಲವು ಜಾತಿಗಳಲ್ಲಿ ತೊಟ್ಟು ಎಲೆಯ ನಡುವೆ ಕೊಡೆಯ ಕೋಲಿನಂತೆ ಸೇರಿರುತ್ತದೆ. ಒಂದೆಲಗದಲ್ಲಿ ತೊಟ್ಟು ಸೇರುವುದು ಎಲೆಯ ಅಂಚಿನ ಸೀಳಿನಲ್ಲಿ.

ಇಲ್ಲಿ ಕಲಿಯಬೇಕಾದ ನಿಯಮ ಇದು: ಒಂದೇ ಲಕ್ಷಣ ನೋಡಿ ಗಿಡದ ಹೆಸರು ಹೇಳಬೇಡಿ. ಕಾಂಡ, ಎಲೆ, ಹೂ ಮೂರೂ ಹೊಂದಿಕೆಯಾದಾಗ ಮಾತ್ರ ಹೇಳಿ. ಪುಡಿ ಮಾಡಿದ ಮೇಲೆ ಈ ಮೂರರಲ್ಲಿ ಒಂದೂ ಉಳಿಯುವುದಿಲ್ಲ. ಡಬ್ಬಿಯ ಪುಡಿಯನ್ನು ಕಣ್ಣಿನಿಂದ ಪರೀಕ್ಷಿಸಲಾಗದು ಎನ್ನುವುದಕ್ಕೆ ಕಾರಣ ಇದೇ.

ನೆರಳು, ತೇವ ಏಕೆ ಬೇಕು?

ಮಲೆನಾಡಿನ ಕಾಡಂಚು, ತೊರೆಯ ದಡ, ಅಡಿಕೆ ತೋಟದ ಕಾಲುವೆಬದಿ, ಗದ್ದೆಯ ಬದು ಇವು ಒಂದೆಲಗದ ಸಹಜ ನೆಲೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಸುಮಾರು 600 ಮಿ.ಮೀ. ಆಸುಪಾಸು. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈ ಎರಡು ಸಂಗತಿಗಳು ಗಿಡದ ರಚನೆಯ ಮೇಲೆ ಏನು ಪರಿಣಾಮ ಬೀರುತ್ತವೆ ಎಂದು ನೋಡೋಣ.

ಎಲೆಯ ಪತ್ರರಂಧ್ರಗಳು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಲು ತೆರೆದುಕೊಳ್ಳಬೇಕು. ತೆರೆದಾಗ ನೀರಾವಿ ಹೊರಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಈ ಬಾಷ್ಪವಿಸರ್ಜನೆ ಹೆಚ್ಚು. ಬಳ್ಳಾರಿ ಜಾಲಿಯ ಬೇರು ಆಳಕ್ಕೆ ಇಳಿದು ನೀರು ತರುತ್ತದೆ, ಎಲೆಗಳು ಸಣ್ಣಸಣ್ಣ ಚೂರುಗಳಾಗಿವೆ. ಕಳ್ಳಿ ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಒಂದೆಲಗಕ್ಕೆ ಇವೆರಡೂ ಇಲ್ಲ. ಎಲೆ ತೆಳು, ಬೇರು ಮೇಲ್ಮಣ್ಣಿನಲ್ಲೇ. ಮೇಲ್ಮಣ್ಣು ಒಣಗಿದ ದಿನವೇ ಗಿಡ ಬಾಡುತ್ತದೆ. ನಮ್ಮ ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಇಂಥ ನವಿರಾದ ಬೇರುಗಳನ್ನು ಹರಿಯುತ್ತದೆ.

ಇನ್ನೊಂದು ಕಡೆ, ನೆರಳಿನಲ್ಲಿ ಬೆಳಕು ಕಡಿಮೆ. ಆ ಕೊರತೆಯನ್ನು ಒಂದೆಲಗ ತೊಟ್ಟು ಉದ್ದ ಮಾಡಿಕೊಂಡು, ಎಲೆ ಅಗಲ ಮಾಡಿಕೊಂಡು ತುಂಬಿಕೊಳ್ಳುತ್ತದೆ. ಅದೇ ಗಿಡದ ಗಿಣ್ಣನ್ನು ಬಿಸಿಲಿನಲ್ಲಿ ನೆಟ್ಟರೆ ತೊಟ್ಟು ಗಿಡ್ಡ, ಎಲೆ ಚಿಕ್ಕದು ಮತ್ತು ಸ್ವಲ್ಪ ದಪ್ಪ. ಜೀನುಗಳು ಅವೇ, ರೂಪ ಮಾತ್ರ ಬೇರೆ. ಪರಿಸರಕ್ಕೆ ತಕ್ಕಂತೆ ಒಂದೇ ಜೀನ್‌ರಾಶಿ ಬೇರೆ ಬೇರೆ ರೂಪ ತೋರುವುದನ್ನು ಪ್ಲಾಸ್ಟಿಸಿಟಿ ಎಂದು ನೀವು ಸಸ್ಯ ಬೆಳವಣಿಗೆಯ ಪಾಠದಲ್ಲಿ ಓದುತ್ತೀರಿ. ಪಠ್ಯದ ಆ ಮಾತನ್ನು ಕಣ್ಣಾರೆ ನೋಡಲು ಒಂದೆಲಗಕ್ಕಿಂತ ಸುಲಭದ ಗಿಡ ಸಿಗುವುದು ಕಷ್ಟ.

ಮುದಗಲ್ಲಿನಲ್ಲಿ ಬೆಳೆಸುವ ಬಗೆ

ನಮ್ಮಲ್ಲಿ ಕಾಡಿನ ನೆರಳಿಲ್ಲ, ಆದರೆ ಬೇವಿನ ಮರದ ನೆರಳಿದೆ. ತೊರೆ ಇಲ್ಲ, ಆದರೆ ನಲ್ಲಿಕಟ್ಟೆ ಇದೆ, ಕೊಡ ತುಂಬುವ ಜಾಗ ಇದೆ, ವುಜೂಖಾನದ ನೀರು ಹರಿದು ಹೋಗುವ ಕಾಲುವೆ ಇದೆ. ದಿನಕ್ಕೆ ಹಲವು ಬಾರಿ ಅಲ್ಲಿ ಬೀಳುವ ನೀರಿನಲ್ಲಿ ಸೋಪು ಇರುವುದಿಲ್ಲ. ಆ ನೀರು ಚರಂಡಿ ಸೇರುವ ಬದಲು ನೆರಳಿನಲ್ಲಿರುವ ಒಂದು ಮಣ್ಣಿನ ಪಾತಿಗೆ ಹೋದರೆ ಒಂದೆಲಗಕ್ಕೆ ಬೇಕಾದ ತೇವ ಸಿಗುತ್ತದೆ. ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಬಿದ್ದ ನೀರನ್ನೂ ಉಪಯೋಗಿಸಿದರೆ ಆ ಮಾತು ಇನ್ನೊಂದು ಹೆಜ್ಜೆ ಮುಂದೆ ಹೋದಂತೆ.

ವಿಧಾನ ಸರಳ. ಶಿವಮೊಗ್ಗ, ಉತ್ತರ ಕನ್ನಡದ ಕಡೆ ನೆಂಟರಿದ್ದರೆ ಅಥವಾ ನಂಬಿಕೆಯ ನರ್ಸರಿ ಗೊತ್ತಿದ್ದರೆ ಎರಡು ಮೂರು ಗಿಣ್ಣುಗಳಿರುವ ಕಾಂಡದ ತುಂಡು ತರಿಸಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತರಬೇಕು. ಎರೆಮಣ್ಣಿಗೆ ಮರಳು ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ. ಆಳ ಕಡಿಮೆ, ಅಗಲ ಹೆಚ್ಚು ಇರುವ ಪಾತ್ರೆ ಆರಿಸಿ. ತಳಕ್ಕೆ ತೂತು ಬೇಕು. ಗಿಣ್ಣು ಮಣ್ಣಿಗೆ ತಾಗುವಂತೆ ಮಲಗಿಸಿ, ಮೇಲೆ ತೆಳುವಾಗಿ ಮಣ್ಣು ಹಾಕಿ. ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಾಗದಲ್ಲಿಡಿ. ಮಣ್ಣು ಸದಾ ತೇವವಾಗಿರಲಿ, ಆದರೆ ನೀರು ನಿಲ್ಲದಿರಲಿ. ಮಾರ್ಚ್‌ನಿಂದ ಮಳೆಗಾಲದವರೆಗೆ ಸುತ್ತ ಒದ್ದೆ ಗೋಣಿಚೀಲ ಕಟ್ಟಿದರೆ ಗಾಳಿಯ ತೇವ ಉಳಿಯುತ್ತದೆ. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಬೇರು ಹಿಡಿಯುವುದು ಸುಲಭ.

ಎರಡು ಪ್ರಯೋಗಗಳು

ಮೊದಲನೆಯದು. ಒಂದೇ ತಾಯಿಗಿಡದಿಂದ 6 ಗಿಣ್ಣುಗಳನ್ನು ತೆಗೆದು 6 ಕುಂಡಗಳಲ್ಲಿ ನೆಡಿ. 3 ಕುಂಡ ನೆರಳಿನಲ್ಲಿ, 3 ಕುಂಡ ಅರ್ಧ ದಿನದ ಬಿಸಿಲಿನಲ್ಲಿ ಇರಲಿ. ಮಣ್ಣು, ನೀರು ಎಲ್ಲಕ್ಕೂ ಸಮ. ವಾರಕ್ಕೊಮ್ಮೆ ಪ್ರತಿ ಕುಂಡದ ಅತಿ ಉದ್ದದ ತೊಟ್ಟನ್ನೂ ಅದರ ಎಲೆಯ ಅಗಲವನ್ನೂ ಸ್ಕೇಲಿನಿಂದ ಅಳೆದು ಬರೆಯಿರಿ. 6 ವಾರಗಳ ನಂತರ ಸರಾಸರಿ ತೆಗೆದು ಗ್ರಾಫ್ ಹಾಕಿ.

ಎರಡನೆಯದು. ಒಂದು ಕುಂಡದಲ್ಲಿ ಬೆಳೆದ ಗಿಡದ ಹಬ್ಬುಕಾಂಡವನ್ನು ಪಕ್ಕದ ಕುಂಡದ ಮಣ್ಣಿಗೆ ತಾಗಿಸಿ ಬೇರು ಬಿಡಲು ಬಿಡಿ. ಇಂಥ ಎರಡು ಜೋಡಿ ಮಾಡಿಕೊಳ್ಳಿ. ಒಂದು ಜೋಡಿಯಲ್ಲಿ ನಡುವಿನ ಕಾಂಡ ಹಾಗೇ ಇರಲಿ, ಇನ್ನೊಂದರಲ್ಲಿ ಕತ್ತರಿಸಿ. ನಂತರ ತಾಯಿಗಿಡದ ಕುಂಡಕ್ಕೆ ಮಾತ್ರ ನೀರು ಹಾಕಿ. ಯಾವ ಮರಿಗಿಡ ಮೊದಲು ಬಾಡುತ್ತದೆ? ಕಾಂಡದ ಮೂಲಕ ನೀರು ಹರಿಯುತ್ತದೆಯೇ ಎಂಬ ಪ್ರಶ್ನೆಗೆ ನಿಮ್ಮ ಕುಂಡವೇ ಉತ್ತರ ಕೊಡುತ್ತದೆ.

ನೆನಪಿನ ಶಕ್ತಿಯ ಮಾತು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದೆಲಗ ತಿಂದರೆ ಓದಿದ್ದು ನೆನಪಿರುತ್ತದೆಯೇ? 2017ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಒಂದೆಲಗದ ಬಗ್ಗೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಒಂದೆಲಗ ಪಡೆದವರಿಗೂ ಔಷಧಗುಣವಿಲ್ಲದ ಹುಸಿಮಾತ್ರೆ ಪಡೆದವರಿಗೂ ನಡುವೆ ನೆನಪು, ಗ್ರಹಿಕೆ ಮುಂತಾದ ಬುದ್ಧಿಶಕ್ತಿಯ ಅಳತೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚುರುಕುತನ ಮತ್ತು ಮನಸ್ಥಿತಿಯಲ್ಲಿ ಸ್ವಲ್ಪ ಸುಧಾರಣೆಯ ಸೂಚನೆ ಮಾತ್ರ ಇತ್ತು. ನೀರುಬ್ರಾಹ್ಮಿಯ ಮೇಲೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಸೇರಿದಂತೆ ಹಲವೆಡೆ ಬೇರೆ ಸಂಶೋಧನೆ ನಡೆದಿದೆ. ಅದು ಬೇರೆ ಗಿಡ, ಬೇರೆ ಲೆಕ್ಕ. ಗಾಯ ಮಾಯಿಸುವ ಮುಲಾಮುಗಳಲ್ಲಿ ಒಂದೆಲಗದ ಸಾರವನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ.

ಹಾಗಾದರೆ ಮಲೆನಾಡಿನ ತಾಯಂದಿರು ಒಂದೆಲಗದ ತಂಬುಳಿ, ಚಟ್ನಿ ಮಾಡುವುದು ತಪ್ಪೇ? ಖಂಡಿತ ಇಲ್ಲ. ಅದು ರುಚಿಯಾದ ಸೊಪ್ಪು, ಹಿತವಾದ ಊಟ. ಊಟವಾಗಿ ತಿನ್ನುವುದು ಒಂದು, ಪರೀಕ್ಷೆಯ ಅಂಕಕ್ಕಾಗಿ ಹಣ ಕೊಟ್ಟು ಮಾತ್ರೆ ನುಂಗುವುದು ಇನ್ನೊಂದು. ಮಾತ್ರೆಯ ಭರವಸೆಯಲ್ಲಿ ನಿದ್ದೆ ಕೆಡಿಸಿಕೊಂಡು, ಪುನರಾವರ್ತನೆ ಬಿಟ್ಟರೆ ನಷ್ಟ ನಮ್ಮದೇ.

ಎಚ್ಚರಿಕೆಗಳು

1. ಚರಂಡಿ, ರಸ್ತೆಬದಿ, ಕೀಟನಾಶಕ ಸಿಂಪಡಿಸಿದ ಗದ್ದೆಯ ಬದು ಇಲ್ಲಿಂದ ಕಿತ್ತ ಒಂದೆಲಗ ತಿನ್ನಬೇಡಿ. ಮಣ್ಣಿನ ಭಾರಲೋಹಗಳನ್ನು ಇದು ಹೀರಿಕೊಳ್ಳುತ್ತದೆ ಎಂದು ಮಲೇಷ್ಯಾದ ಸಂಶೋಧಕರು ತೋರಿಸಿದ್ದಾರೆ.

2. ಬಳಸಿದ ನೀರಿನ ಪಾತಿಯಲ್ಲಿ ಬೆಳೆದದ್ದು ಅಧ್ಯಯನಕ್ಕೆ ಮಾತ್ರ. ತಿನ್ನಲು ಬೇಕಾದರೆ ಶುದ್ಧ ನೀರಿನ ಬೇರೆ ಕುಂಡ ಇಡಿ. ಚೆನ್ನಾಗಿ ತೊಳೆದು ಬಳಸಿ.

3. ಒಂದೆಲಗದ ಔಷಧಿ ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆಯಾದ ವಿರಳ ಪ್ರಕರಣಗಳು ವರದಿಯಾಗಿವೆ. ಮಾತ್ರೆ, ಸಾರಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಬೇರೆ ಔಷಧಿ ಸೇವಿಸುವವರು ಮತ್ತು ಗರ್ಭಿಣಿಯರು ವಿಶೇಷವಾಗಿ ಎಚ್ಚರ ವಹಿಸಬೇಕು.

4. ಕಾಡಿಗೆ ಹೋದಾಗ ಬೇರುಸಹಿತ ಪೂರ್ತಿ ಕೀಳಬೇಡಿ. ಎರಡು ಗಿಣ್ಣು ಸಾಕು. ಉಳಿದದ್ದು ಅಲ್ಲೇ ಹಬ್ಬಲಿ.

ಅಭ್ಯಾಸ

1. ಒಂದೆಲಗದ ಹರಿದಾಡುವ ಭಾಗ ಬೇರಲ್ಲ, ಕಾಂಡ ಎಂದು ಹೇಗೆ ಸಾಧಿಸುವಿರಿ?

2. ಒಂದೆಲಗ, ನೀರುಬ್ರಾಹ್ಮಿ, ಇಲಿಕಿವಿ ಈ ಮೂರರ ಎಲೆ ಮತ್ತು ಹೂಗಳನ್ನು ಹೋಲಿಸಿ ಪಟ್ಟಿ ಮಾಡಿ.

3. ನೆರಳಿನಲ್ಲಿ ಉದ್ದ ತೊಟ್ಟು, ಬಿಸಿಲಿನಲ್ಲಿ ಗಿಡ್ಡ ತೊಟ್ಟು. ಇದು ಜೀನಿನ ಬದಲಾವಣೆಯೇ? ಕಾರಣ ಕೊಡಿ.

4. ನಿಮ್ಮ ಮನೆಯಲ್ಲಿ ಅಥವಾ ಅಂಗಡಿಯಲ್ಲಿ ‘ಬ್ರಾಹ್ಮಿ’ ಎಂದಿರುವ ಒಂದು ಡಬ್ಬಿ ನೋಡಿ. ಅದರಲ್ಲಿರುವ ಗಿಡದ ವೈಜ್ಞಾನಿಕ ಹೆಸರು, ಪ್ರಮಾಣ ಮತ್ತು ಅದು ಹೇಳಿಕೊಳ್ಳುವ ಗುಣ ಬರೆದು ತನ್ನಿ. ತರಗತಿಯಲ್ಲಿ ಚರ್ಚಿಸೋಣ.

5. ಸಿಂಧನೂರು, ಮಸ್ಕಿ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ: ನಿಮ್ಮ ಊರಿನ ಕಾಲುವೆಬದಿಯಲ್ಲಿ ಹಬ್ಬುವ ಗಿಡಗಳನ್ನು ನೋಡಿ, ಹೂವಿರುವ ಒಂದು ಸಣ್ಣ ತುಂಡನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ತನ್ನಿ. ಸಿಕ್ಕ ಜಾಗ ಮತ್ತು ದಿನಾಂಕವನ್ನು ಮರೆಯದೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಕಾಂಡ, ಎಲೆ, ಹೂ ನೋಡಿ ಪ್ರಯೋಗಾಲಯದಲ್ಲಿ ಎಲ್ಲರೂ ಸೇರಿ ತುಂಬೋಣ.